ಹೇಳಬಾರದ ನಿದ್ದೆ

ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಛತ್ರದ ಹಿಂದಿನ ಉದ್ದನೆಯ ಕೊಠಡಿಯ ಕಿಟಕಿಗಳಿಗೆ ಹಸಿರು ಪರದೆಗಳು ಇಳಿಯುತ್ತಿದ್ದವು. ಒಂದಾದ ಮೇಲೊಂದು, ಬೀದಿಯ ಕಡೆಯಿಂದ ಶುರುವಾಗಿ ಬಾವಿಯ ಕಡೆಗೆ. ಯಾವುದೋ ಮದುವೆಯ ಚಪ್ಪರಕ್ಕೆ ಕಟ್ಟಿ ಬಿಚ್ಚಿದ್ದ ದಪ್ಪ ಬಟ್ಟೆಯನ್ನು ಕತ್ತರಿಸಿ ಹೊಲಿದ ಪರದೆಗಳು ಅವು. ಕೊನೆಯದು ಇಳಿದ ಮೇಲೆ ಒಳಗಿನ ಗದ್ದಲ, ಉರಿಯುವ ಬತ್ತಿಯನ್ನು ಯಾರೋ ಬೆರಳಿನಲ್ಲಿ ಹಿಸುಕಿದ ಹಾಗೆ, ನಿಂತುಹೋಗುತ್ತಿತ್ತು. ಮಕ್ಕಳಿರುವ ಕಡೆ ಮೌನ ಹಾಗೆ ಬರುವುದಿಲ್ಲ. ಅದು ಹರಿದು ಹರಿದು ಬರುತ್ತದೆ; ಒಂದು ಮಗು ಅಳುತ್ತದೆ, ಇನ್ನೊಂದು ಕೆಮ್ಮುತ್ತದೆ, ಮತ್ತೊಂದಕ್ಕೆ ಆಗಲೇ ನೀರು ಬೇಕಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ಬೀದಿಯಲ್ಲಿ ಹಾದುಹೋಗುವವರು ಅದನ್ನು ಪಂಕಜಮ್ಮನ ಕೈಗುಣ ಎನ್ನುತ್ತಿದ್ದರು.

ನಾನು ಪದವಿ ಮುಗಿಸಿ, ಮುಂದೇನು ಎಂದು ತಿಳಿಯದೆ ಅಕ್ಕನ ಮನೆಯಲ್ಲಿ ಕೆಲವು ತಿಂಗಳು ಇದ್ದ ಕಾಲ ಅದು. ಅಕ್ಕ ಕಚೇರಿಯೊಂದರಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತಿದ್ದಳು. ಭಾವ ಉಮಾಪತಿ ಬಸ್ಸಿನ ಡ್ರೈವರು. ಬೆಟ್ಟ ದಾಟಿ ಆಚೆಯ ಊರಿಗೆ ಹೋಗುವ ಮೊದಲ ಬಸ್ಸು ಅವರದು. ನಾವೆಲ್ಲ ಏಳುವ ಮೊದಲೇ ಖಾಕಿ ತೊಟ್ಟು ಹೊರಟುಬಿಡುತ್ತಿದ್ದರು. ಭಾವನ ತಾಯಿ ಹೊನ್ನಮ್ಮನವರಿಗೆ ಮಂಡಿನೋವು. ಅಕ್ಕನ ಮಗಳು, ಎರಡೂವರೆ ವರ್ಷದ ನೀಲುವಿನ ಹಿಂದೆ ಓಡುವುದು ಅವರಿಂದ ಆಗುತ್ತಿರಲಿಲ್ಲ. ನಾನು ಇಂದಲ್ಲ ನಾಳೆ ಹೊರಡುವವಳು; ನನ್ನನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಹಾಗಾಗಿ ಮಗುವನ್ನು ಛತ್ರದ ಹಿಂದಿನ ಪಂಕಜಮ್ಮನ ಶಿಶುವಿಹಾರಕ್ಕೆ ಸೇರಿಸುವುದೆಂದಾಯಿತು.

ಸೇರಿಸುವ ದಿನ ಹೊನ್ನಮ್ಮನವರ ಜೊತೆ ನಾನೂ ಹೋಗಿದ್ದೆ. ಪಂಕಜಮ್ಮ ದಪ್ಪ ಕನ್ನಡಕದ, ದೊಡ್ಡ ಕೈಗಳ ಹೆಂಗಸು. ಕಂಕುಳಲ್ಲೊಂದು ಮಗು, ಸೆರಗು ಹಿಡಿದು ಇನ್ನೊಂದು. ನೀಲುವಿನ ಗಲ್ಲ ಹಿಡಿದೆತ್ತಿ ನೋಡಿದರು.

“ಊಟ ಹೇಗೆ ಮಾಡ್ತಾಳೆ?”

“ಕೊಟ್ಟಿದ್ದು ತಿಂತಾಳೆ,” ಎಂದರು ಹೊನ್ನಮ್ಮ.

“ನಿದ್ದೆ?”

“ಅಯ್ಯೋ, ಎಲ್ಲಿ ಬಂತು ನಿದ್ದೆ! ರಾತ್ರಿಯೆಲ್ಲ ಪಿಳಿಪಿಳಿ ಅಂತ ಕಣ್ಣು ಬಿಟ್ಕೊಂಡಿರ್ತಾಳೆ. ನಮ್ಮ ಪ್ರಾಣ ತಿಂದುಬಿಡ್ತಾಳೆ ಕಣಮ್ಮ.”

ನಾನು ಅವರ ಮುಖ ನೋಡಿದೆ. ಹಿಂದಿನ ರಾತ್ರಿಯಷ್ಟೇ ನೀಲು ಬಾಯಲ್ಲಿ ತುತ್ತು ಇಟ್ಟುಕೊಂಡೇ ನಿದ್ದೆಹೋಗಿದ್ದಳು. ಅಕ್ಕ ಅವಳ ಬಾಯಿಗೆ ಬೆರಳು ಹಾಕಿ ಅನ್ನ ತೆಗೆದು ಮಲಗಿಸಿದ್ದಳು. ಸಂಜೆ ದೀಪ ಹಚ್ಚುವುದೇ ತಡ, ಎಲ್ಲಿದ್ದರೆ ಅಲ್ಲಿ ಒರಗಿಬಿಡುವ ಮಗು ಅದು. ಪಂಕಜಮ್ಮ ಮಾತ್ರ ಕೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಂತೆ ತಲೆಯಾಡಿಸಿದರು.

ವಾಪಸು ಬರುವಾಗ ಕೇಳಿದೆ. “ಯಾಕಮ್ಮ ಹಾಗಂದಿರಿ? ನೀಲು ಚೆನ್ನಾಗೇ ಮಲಗ್ತಾಳಲ್ಲ?”

ಹೊನ್ನಮ್ಮನವರು ಬೀದಿಯ ನಡುವೆಯೇ ನಿಂತು ನನ್ನ ತೋಳು ಹಿಡಿದರು. ಹಿಡಿತ ಬಿಗಿಯಾಗಿತ್ತು.

“ಆ ಮಾತು ಆಡಬೇಡ. ಮನೆ ಒಳಗೂ ಆಡಬೇಡ. ಮಗು ಚೆನ್ನಾಗಿ ಮಲಗ್ತದೆ ಅಂತ ಬಾಯಿಬಿಟ್ಟು ಹೇಳಿದರೆ ದೃಷ್ಟಿ ಆಗ್ತದೆ. ನನ್ನ ಮೊದಲನೇದನ್ನ ಹಾಗೇ ಕಳ್ಕೊಂಡವಳು ನಾನು. ‘ಎಷ್ಟು ಹೊತ್ತು ಮಲಗ್ತದೆ ಹೊನ್ನಮ್ಮ ನಿನ್ನ ಮಗು, ಪುಣ್ಯವಂತೆ’ ಅಂದ್ಲು ಪಕ್ಕದ ಮನೆಯೋಳು. ‘ಹೂಂ ಕಣೆ, ಚೆನ್ನಾಗಿ ಮಲಗ್ತದೆ’ ಅಂದೆ ನಾನು, ಹೆಮ್ಮೆಯಿಂದ. ವಾರ ಕಳೀಲಿಲ್ಲ.” ಸೆರಗು ಸರಿಮಾಡಿಕೊಂಡು ನಡೆದರು.

ಆ ಊರಿನಲ್ಲಿ ಎಲ್ಲರೂ ಹಾಗೆಯೇ ಎಂದು ನನಗೆ ಬೇಗ ತಿಳಿಯಿತು. ಹಾಲು ಹಾಕುವವಳು ಕೇಳಿದರೂ ಅಷ್ಟೆ, ಬಂಧುಗಳು ಕೇಳಿದರೂ ಅಷ್ಟೆ; ಮಕ್ಕಳ ನಿದ್ದೆಯ ಬಗ್ಗೆ ಉತ್ತರ ಒಂದೇ: ಎಲ್ಲಿ ಬಂತು. ಆ ವಯಸ್ಸಿನಲ್ಲಿ ನನಗೆ ಮೌನಗಳ ಮೇಲೆ ಒಂದು ಮೋಹವಿತ್ತು. ಜನ ಆಡುವ ಮಾತಿಗಿಂತ ಆಡದೆ ಬಿಟ್ಟದ್ದರಲ್ಲೇ ಸತ್ಯವಿದೆ ಎಂದು ನಂಬಿದ್ದೆ. ಇಡೀ ಊರು ತನ್ನ ಮಕ್ಕಳ ನಿದ್ದೆಯನ್ನು ಒಂದು ಸುಳ್ಳಿನ ಹೊದಿಕೆಯಡಿ ಬೆಚ್ಚಗೆ ಇಟ್ಟಿದೆಯಲ್ಲ ಎಂದು ನನಗೆ ಚೆಂದವಾಗಿಯೇ ಕಂಡಿತು.

ಶಿಶುವಿಹಾರಕ್ಕೆ ಹೋಗತೊಡಗಿದ ಕೆಲವೇ ದಿನಗಳಲ್ಲಿ ಹೊನ್ನಮ್ಮನವರ ಸುಳ್ಳು ನಿಜವಾಯಿತು.

ನೀಲು ರಾತ್ರಿ ಮಲಗುವುದನ್ನೇ ಬಿಟ್ಟಳು. ಊಟವಾದ ಮೇಲೆ ಹಾಸಿಗೆ ಹಾಸುತ್ತಿದ್ದಂತೆ ಅವಳ ಕಣ್ಣು ಅರಳುತ್ತಿತ್ತು. ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಒಂದಕ್ಕೊಂದು ಬಡಿಯುತ್ತಿದ್ದಳು. ಭಾವನ ಎದೆಯ ಮೇಲೆ ಕೂತು ಬಸ್ಸು ಬಿಡುತ್ತಿದ್ದಳು. ಅಕ್ಕ ಅವಳನ್ನು ತೊಡೆಯ ಮೇಲೆ ಹಾಕಿ ತಟ್ಟಿ ತಟ್ಟಿ ತಾನೇ ತೂಕಡಿಸುತ್ತಿದ್ದಳು.

“ನೋಡಮ್ಮ,” ಎಂದು ಭಾವ ಮೊದಮೊದಲು ನಗುತ್ತಿದ್ದರು, “ನಾನು ಡೇ ಸರ್ವಿಸ್ಸು, ನನ್ನ ಮಗಳು ನೈಟ್ ಸರ್ವಿಸ್ಸು. ಒಂದೇ ಮನೇಲಿ ಎರಡು ಬಸ್ಸು ಓಡ್ತಾ ಇವೆ. ಡಿಗ್ರಿ ಮೇಡಂ, ನಿಮ್ಮ ಪುಸ್ತಕದಲ್ಲಿ ಇದಕ್ಕೇನಾದರೂ ಬರೆದಿದಾರಾ?”

“ಬರೆದಿದಾರೆ ಭಾವ. ಅಪ್ಪ ಗೊರಕೆ ಹೊಡೆದರೆ ಮಗಳಿಗೆ ನಿದ್ದೆ ಬರಲ್ಲವಂತೆ.”

“ಗೊರಕೆ ಹೊಡೆಯೋಕೆ ಮೊದಲು ಕಣ್ಣು ಮುಚ್ಚಬೇಕಲ್ಲಾ ತಾಯಿ!”

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಭಾವ ಬಂದವರು ಕೈಕಾಲು ತೊಳೆಯದೆ ಜಗುಲಿಯಲ್ಲೇ ಕೂತರು. ಹೊನ್ನಮ್ಮ ಕಾಫಿ ತಂದಿಟ್ಟರೂ ಲೋಟ ಮುಟ್ಟಲಿಲ್ಲ.

“ಅವ್ವ, ಇವತ್ತು ಬೆಟ್ಟದ ತಿರುವಿನಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದೆ,” ಎಂದರು ಮೆಲ್ಲಗೆ. “ಎಷ್ಟು ಹೊತ್ತೋ ಗೊತ್ತಿಲ್ಲ. ಕಂಡಕ್ಟರು ಕೂಗಿದ. ಕಣ್ಣು ಬಿಟ್ಟರೆ ಮುಂದೆ ರಸ್ತೇನೇ ಇಲ್ಲ.”

ಹೊನ್ನಮ್ಮನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಗನನ್ನು ನೋಡಿದರು, ಅಂಗಳದಲ್ಲಿ ಕೂತು ಮಣ್ಣಿನಲ್ಲಿ ಕೈಯಾಡಿಸುತ್ತಿದ್ದ ಮೊಮ್ಮಗಳನ್ನು ನೋಡಿದರು. ಒಳಗೆ ಹೋದರು.

ಮಾರನೆಯ ದಿನದಿಂದ, ಸಂಜೆ ನೀಲುವನ್ನು ಕರೆತರಲು ನಾನು ಹೊರಟಾಗಲೆಲ್ಲ ಅವರದೊಂದು ಮಾತು ಹಿಂದೆ ಬರುತ್ತಿತ್ತು. “ಮಧ್ಯಾಹ್ನ ಮಲಗಿದ್ದಳಾ ಕೇಳ್ಕೊಂಡು ಬಾ.”

ನಾನು ಕೇಳುತ್ತಿದ್ದೆ. ಹಸಿರು ಪರದೆಗಳು ಆ ಹೊತ್ತಿಗೆ ಸುರುಳಿ ಸುತ್ತಿ ಮೇಲಕ್ಕೆ ಹೋಗಿರುತ್ತಿದ್ದವು. ಪಂಕಜಮ್ಮ ಬಾಚಣಿಗೆ ಹಿಡಿದು ಯಾವುದೋ ಮಗುವಿನ ತಲೆ ಬಾಚುತ್ತಿರುತ್ತಿದ್ದರು. “ಎಲ್ಲಿ ಮಲಗ್ತಾಳೆ! ಒಂದಿಷ್ಟು ಕಣ್ಣು ಮುಚ್ಚಿದ ಹಾಗೆ ಮಾಡಿ ಎದ್ದುಬಿಟ್ಟಳು,” ಎನ್ನುತ್ತಿದ್ದರು. ಆಮೇಲೆ ಅವರದೂ ಒಂದು ಪ್ರಶ್ನೆ. “ರಾತ್ರಿ ಹೇಗೆ?”

“ಇಲ್ಲ ಪಂಕಜಮ್ಮ, ರಾತ್ರಿಯೂ ಇಲ್ಲ.”

“ಛೆ,” ಎಂದು ಅವರು ನೀಲುವಿನ ತಲೆ ಸವರುತ್ತಿದ್ದರು. “ಹಗಲೂ ಇಲ್ಲ, ರಾತ್ರಿಯೂ ಇಲ್ಲ ಅಂದರೆ ಮಗು ಬದುಕೋದು ಹೇಗೆ?”

ಮನೆಗೆ ಬಂದು ಪಂಕಜಮ್ಮ ಹೇಳಿದ್ದನ್ನು ಹೇಳಿದರೆ ಹೊನ್ನಮ್ಮನವರದೂ ಅದೇ ಮಾತು, ಬೇರೆ ದನಿಯಲ್ಲಿ.

ಒಂದು ರಾತ್ರಿ ನೀಲು ಮಲಗಿದಳು. ಹಾಲು ಕುಡಿದು, ಅಜ್ಜಿಯ ಮಡಿಲಲ್ಲಿ ಸ್ವಲ್ಪ ಹೊತ್ತು ಮಿಸುಕಾಡಿ, ಇದ್ದಕ್ಕಿದ್ದ ಹಾಗೆ ಮಲಗಿದಳು. ಅಕ್ಕ ಬಾಗಿಲ ಬಳಿ ನಿಂತು ಉಸಿರು ಬಿಗಿಹಿಡಿದು ನೋಡಿದಳು. ಭಾವ ದೀಪ ಆರಿಸಿದರು. ಯಾರೂ ಒಂದು ಮಾತಾಡಲಿಲ್ಲ. ಮಾತಾಡಿದರೆ ಅದು ಒಡೆಯುತ್ತದೆ ಎನ್ನುವ ಹಾಗಿತ್ತು. ಮಾರನೆಯ ರಾತ್ರಿಯೂ ಮಲಗಿದಳು. ಅದರ ಮಾರನೆಯ ರಾತ್ರಿಯೂ. ಭಾವನ ಮುಖಕ್ಕೆ ಕಳೆ ಬಂತು. ಹೊನ್ನಮ್ಮನವರು ಮಲಗುವ ಕೋಣೆಯ ಕಿಟಕಿಗೂ ಒಂದು ದಪ್ಪ ಸೀರೆ ಮಡಚಿ ಕಟ್ಟಿದರು. ಅದೂ ಹಸಿರೇ. ಅದರ ಕೆಳಗೆ ಮಗು ಅಂಗಾತ ಮಲಗಿರುವುದನ್ನು ನೋಡಿದಾಗ ನನಗೆ ಯಾಕೋ ಛತ್ರದ ಹಿಂದಿನ ಕೊಠಡಿ ನೆನಪಾಯಿತು.

“ಪಂಕಜಮ್ಮ ಕೇಳಿದರೆ ಏನು ಹೇಳ್ತೀಯ?” ಎಂದರು ಹೊನ್ನಮ್ಮ ಬೆಳಿಗ್ಗೆ, ನನ್ನ ಕಿವಿಯ ಬಳಿ.

“ಎಲ್ಲಿ ಬಂತು ಅಂತೀನಿ.”

“ಜಾಣೆ.”

ಹಾಗೆ ನಾನು ಇತ್ತಲಿಂದ ಅತ್ತ, ಅತ್ತಲಿಂದ ಇತ್ತ, ಆ ಒಂದೇ ಮಾತನ್ನು ಹೊತ್ತು ತಿರುಗುತ್ತಿದ್ದೆ.

ನೀಲುವಿನಲ್ಲಿ ಬದಲಾವಣೆ ಬಂದದ್ದು ಯಾವಾಗ ಎಂದು ಹೇಳುವುದು ಕಷ್ಟ. ಅವಳ ತುಟಿ ಒಣಗಿ ಬಿರಿಯತೊಡಗಿತು. ಕೆನ್ನೆ ಕೆಂಪಗೆ, ಮುಟ್ಟಿದರೆ ಬಿಸಿ, ಆದರೆ ಜ್ವರವಲ್ಲ. ಸಂಜೆ ನನ್ನ ಬೆರಳು ಹಿಡಿದು ನಡೆಯುವಾಗ ಸಮನಾದ ನೆಲದಲ್ಲೂ ಎಡವುತ್ತಿದ್ದಳು. ಮೊದಲು ದಾರಿಯುದ್ದಕ್ಕೂ “ಚಿಕ್ಕಿ, ಅದೇನು? ಚಿಕ್ಕಿ, ಅದ್ಯಾಕೆ?” ಎಂದು ಪೀಡಿಸುತ್ತಿದ್ದವಳು ಈಗ ಏನನ್ನೂ ಕೇಳುತ್ತಿರಲಿಲ್ಲ. ಒಮ್ಮೆ ಗೋಡೆಯ ಮುಂದೆ ನಿಂತು ತುಂಬ ಹೊತ್ತು ಅದನ್ನೇ ನೋಡಿ ನಕ್ಕಳು. ಗೋಡೆಯ ಮೇಲೆ ಏನೂ ಇರಲಿಲ್ಲ.

“ಯಾರನ್ನು ನೋಡ್ತಾ ಇದೀಯೆ ನೀಲು?” ಎಂದೆ.

ಅವಳು ನನ್ನ ಕಡೆ ತಿರುಗಿದಳು. ತಿರುಗಿದ್ದು ತಲೆ ಮಾತ್ರ. ಕಣ್ಣು ನಿಧಾನವಾಗಿ, ಆಮೇಲೆ ಬಂತು.

ಅಕ್ಕನಿಗೆ ಹೇಳಿದೆ. “ಹಲ್ಲು ಬರ್ತಾ ಇರಬೇಕು ಕಣೆ,” ಎಂದಳು ಅವಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಭಾವ ರಾತ್ರಿ ನಿದ್ದೆ ಮಾಡುತ್ತಿದ್ದರು. ಬಸ್ಸು ಬೆಟ್ಟ ಹತ್ತಿ ಇಳಿಯುತ್ತಿತ್ತು. ಆ ಮನೆಯಲ್ಲಿ ಯಾರಿಗೂ ಆ ನೆಮ್ಮದಿಯ ತಳವನ್ನು ಕೆದಕಿ ನೋಡುವ ಧೈರ್ಯವಿರಲಿಲ್ಲ.

ನನ್ನ ಅನುಮಾನವೆಲ್ಲ ಆ ಪರದೆಗಳ ಮೇಲಿತ್ತು. ಒಂದು ದಿನ ನೀಲುವಿನ ಬದಲಿ ಲಂಗ ಮನೆಯಲ್ಲೇ ಉಳಿದಿತ್ತು. ಅದೇ ನೆಪ ಮಾಡಿಕೊಂಡು ಮಧ್ಯಾಹ್ನವೇ ಹೊರಟೆ.

ಪರದೆಗಳು ಇಳಿದಿದ್ದವು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಯಾಕೋ ಕೆಳಗಿಳಿಸಿ, ಕಿಟಕಿಯ ಬಳಿ ಹೋಗಿ ಪರದೆಯ ಅಂಚನ್ನು ಬೆರಳಿನಿಂದ ಸರಿಸಿದೆ. ಒಳಗೆ ಹಸಿರು ಬೆಳಕು, ಪಾಚಿಗಟ್ಟಿದ ನೀರಿನೊಳಗಿನಂಥದು. ಚಾಪೆಗಳ ಮೇಲೆ ಮಕ್ಕಳು ಒಂದೇ ಕಡೆಗೆ ತಲೆಹಾಕಿ ಮಲಗಿದ್ದರು. ಒಂದೂ ಹೊರಳುತ್ತಿರಲಿಲ್ಲ. ಒಬ್ಬ ಹುಡುಗನ ಬಾಯಿಯ ಅಂಚಿನಲ್ಲಿ ನೊಣ ಕೂತಿತ್ತು; ಅದು ತುಟಿಯುದ್ದಕ್ಕೂ ನಡೆದುಹೋಯಿತು, ತುಟಿ ಅದುರಲಿಲ್ಲ. ನೀಲು ಕೊನೆಯಲ್ಲಿದ್ದಳು. ಅವಳ ಒಂದು ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಕೆಳಗೆ ಬಿಳುಪು ಕಾಣುತ್ತಿತ್ತು.

ಸುತ್ತಿ ಹಿಂದಕ್ಕೆ ಹೋದೆ. ಹಿತ್ತಿಲ ಬಾಗಿಲಲ್ಲಿ ಪಂಕಜಮ್ಮ ಸಾಣೆಕಲ್ಲು ತೊಳೆಯುತ್ತಿದ್ದರು. ಪಕ್ಕದಲ್ಲಿ ಹಾಲಿನ ಪಾತ್ರೆ, ಮಕ್ಕಳ ಬಾಯಿಗೆ ಹುಯ್ಯುವ ಹಿತ್ತಾಳೆಯ ಪುಟ್ಟ ಒಳಲೆ, ಬಟ್ಟೆಯ ಮೇಲೆ ಅರ್ಧ ಸವೆದ ಜಾಯಿಕಾಯಿ. ನನ್ನನ್ನು ಕಂಡು ಅವರು ಬೆಚ್ಚಲಿಲ್ಲ. ಅದೇ ನನಗೆ ಹೆಚ್ಚು ಭಯ ತಂದಿತು.

“ಏನಮ್ಮಾ ಈ ಹೊತ್ತಿನಲ್ಲಿ?”

“ಮಕ್ಕಳಿಗೆ ಇದನ್ನು ಕೊಡ್ತೀರಾ?”

“ಯಾವುದನ್ನ? ಜಾಯಿಕಾಯಿನಾ?” ಅವರು ನಕ್ಕರು. “ನಿಮ್ಮಮ್ಮ ನಿಮಗೆ ತೇಯ್ದು ಹಾಕಿರಲಿಲ್ವಾ? ಯಾರ ಮನೇಲಿ ಇಲ್ಲ ಹೇಳಿ.”

“ದಿನಾ ಕೊಡ್ತೀರಾ?”

“ರಾತ್ರಿ ನಿದ್ದೆ ಇಲ್ಲದ ಮಕ್ಕಳಿಗೆ ಮಾತ್ರ ಕೊಡೋದು. ನಾನೇನು ಸುಮ್ಮಸುಮ್ಮನೆ ಕೊಡೋಳಲ್ಲ.”

“ಇಲ್ಲಿ ಎಲ್ಲರೂ ಮಲಗಿದಾರಲ್ಲ?”

“ಎಲ್ಲರ ಮನೆಯವರೂ ಬಂದು ಅದೇ ಹೇಳ್ತಾರಲ್ಲಮ್ಮ, ರಾತ್ರಿ ಕಣ್ಣೇ ಮುಚ್ಚಲ್ಲ ಅಂತ. ನೀವೂ ದಿನಾ ಹೇಳ್ತೀರಿ. ರಾತ್ರಿ ಇಲ್ಲದ ನಿದ್ದೆ ಹಗಲಾದರೂ ಬೇಡ್ವಾ ಮಗುಗೆ? ನಿಮ್ಮ ಹುಡುಗಿಗೆ ಅಂತೂ ಈಚೆಗೆ ಒಂದೆರಡು ಸುತ್ತು ಜಾಸ್ತೀನೇ ತೇಯ್ತೀನಿ. ಹಗಲು ರಾತ್ರಿ ಎರಡೂ ಇಲ್ಲ ಅಂದರೆ ಮಗು ಉಳಿಯುತ್ತಾ?”

“ಮಧ್ಯಾಹ್ನ ಮಲಗಲ್ಲ ಅಂತ ನೀವೇ ಹೇಳ್ತಿದ್ರಲ್ಲ?”

ಆಗ ಮಾತ್ರ ಅವರು ತಲೆಯೆತ್ತಿ, ನಾನೇನೋ ಅಪಶಕುನದ ಮಾತು ಆಡಿದಂತೆ ನನ್ನನ್ನು ನೋಡಿದರು. “ಮತ್ತೇನು ಹೇಳಬೇಕಿತ್ತು? ಮಲಗ್ತಾಳೆ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ?”

ನಾನು ಲಂಗವನ್ನು ಅಲ್ಲೇ ಇಟ್ಟು ಹೊರಬಂದೆ. ಸಿಟ್ಟಿತ್ತು, ಜೊತೆಗೆ ಗಂಟು ಬಿಡಿಸಿದ ಸಮಾಧಾನವೂ ಇತ್ತು. ಹಗಲು ಹೀಗೆ ಮಲಗಿಸಿದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಇಷ್ಟೇ ವಿಷಯ. ನಾಳೆಯಿಂದ ನಿಲ್ಲಿಸಿದರಾಯಿತು. ಹೀಗೆ ಯೋಚಿಸುತ್ತ ಛತ್ರದ ಮೂಲೆ ದಾಟಿ, ಮಸೀದಿಯ ಗೋಡೆಯ ನೆರಳಿಗೆ ಬರುವಷ್ಟರಲ್ಲಿ ನನ್ನ ಕಾಲು ತಾನಾಗಿ ನಿಂತಿತು.

ಹಗಲೆಲ್ಲ ಹೀಗೆ ಮಲಗುವ ಮಗು ಈಚೆಗೆ ರಾತ್ರಿಯೂ ಮಲಗುತ್ತಿದೆಯಲ್ಲ. ಹೇಗೆ?

ಉಳಿದ ದಾರಿ ನಾನು ನಡೆಯಲಿಲ್ಲ, ಓಡಿದೆ.

ಹೊನ್ನಮ್ಮನವರು ನಡುಮನೆಯಲ್ಲಿ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಜಾಯಿಕಾಯಿ ಎಂಬ ಮಾತು ಬಂದಾಗ ಅವರ ಕೈ ಮಂಡಿಯ ಮೇಲೆ ನಿಂತಿತು. ಬಯ್ಯುತ್ತಾರೆ, ಪಂಕಜಮ್ಮನ ವಂಶವನ್ನೆಲ್ಲ ಎಳೆದಾಡುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಸಣ್ಣ ದನಿಯಲ್ಲಿ ಒಂದೇ ಒಂದು ಮಾತು ಕೇಳಿದರು.

“ಇವತ್ತೂ ಕೊಟ್ಟಳಾ?”

“ಹೂಂ. ಕೊಟ್ಟಾಗಿತ್ತು.”

“ಎಷ್ಟು ಸುತ್ತು ತೇಯ್ದಳು?”

ನಾನು ಅವರನ್ನೇ ನೋಡುತ್ತ ನಿಂತೆ. ಎಣ್ಣೆಯ ಬಟ್ಟಲು ಅವರ ಕೈತಾಗಿ ಉರುಳಿತು. ಎಣ್ಣೆ ನೆಲದ ಮೇಲೆ ಹರಿಯುತ್ತ ಹೋಗುವುದನ್ನು ಇಬ್ಬರೂ ನೋಡಿದೆವು.

“ರಾತ್ರಿ ಹಾಲಿಗೆ ನಾನೂ ಹಾಕ್ತಿದ್ದೆ,” ಎಂದರು. “ಉಮಾಪತಿ ಕಣ್ಣು ಮುಚ್ಚಿದೆ ಅಂದ್ನಲ್ಲ, ಅವತ್ತಿಂದ. ಹಗಲು ಮಲಗಲ್ಲ ಅಂತ ಅವಳು ಹೇಳಿಕಳಿಸ್ತಾ ಇದ್ಲಲ್ಲ. ಎರಡು ಹೊತ್ತೂ ನಿದ್ದೆ ಇಲ್ಲ ಅಂದರೆ ಹೆಂಗೆ ಅಂತ ದಿನಾ ಒಂಚೂರು ಹೆಚ್ಚು ಮಾಡ್ತಾ ಬಂದೆ.” ಅವರು ಗೋಡೆ ಹಿಡಿದು ಏಳಲು ನೋಡಿದರು. “ಇವತ್ತು ಬೆಳಿಗ್ಗೇನೂ ಕೊಟ್ಟಿದೀನಿ ಕಣೆ. ಉಮಾಪತಿ ಹೊರಡೋ ಹೊತ್ತಿಗೆ ಎದ್ದು ಅಳ್ತಾ ಇದ್ಲು. ಬೆಳಿಗ್ಗೇನೂ ಕೊಟ್ಟಿದೀನಿ.”

ಮಂಡಿನೋವಿನ ಆ ಮುದುಕಿ ಅಂದು ಬೀದಿಯಲ್ಲಿ ನನಗಿಂತ ಮುಂದೆ ಇದ್ದರು.

ನಾವು ಹೋದಾಗ ಒಂದಿಬ್ಬರು ತಾಯಂದಿರು ಬೇಗನೆ ಬಂದು ತಮ್ಮ ಮಕ್ಕಳನ್ನು ಎಬ್ಬಿಸುತ್ತಿದ್ದರು. ಮಕ್ಕಳು ಮುಲುಗುತ್ತ, ಕತ್ತು ನೆಟ್ಟಗೆ ನಿಲ್ಲಿಸಲಾಗದೆ ಅಮ್ಮಂದಿರ ಹೆಗಲಿಗೆ ಒರಗುತ್ತಿದ್ದವು. ಪರದೆಗಳಿನ್ನೂ ಇಳಿದೇ ಇದ್ದವು. ಹೊನ್ನಮ್ಮ ಯಾರನ್ನೂ ಮಾತಾಡಿಸದೆ ಒಳನುಗ್ಗಿ ನೀಲುವಿನ ಪಕ್ಕ ಕುಸಿದು ಕೂತರು.

“ನೀಲಾ. ಏ ನೀಲಾ. ಅಜ್ಜಿ ಬಂದೀನಿ ನೋಡೇ.”

ತೋಳು ಹಿಡಿದೆತ್ತಿದರೆ ತೋಳು ಬಂತು, ಬಿಟ್ಟರೆ ಬಿತ್ತು. ಹೊನ್ನಮ್ಮ ಕೆನ್ನೆ ತಟ್ಟಿದರು, ಆಮೇಲೆ ಜೋರಾಗಿ ತಟ್ಟಿದರು. ಪಂಕಜಮ್ಮ ನೀರಿನ ಚೆಂಬು ಹಿಡಿದು ಓಡಿಬಂದವರು ಎದುರಿಗೆ ನಿಂತರು.

“ನೀವೂ ಕೊಟ್ಟಿದ್ರಾ?” ಎಂದರು ಪಂಕಜಮ್ಮ.

ಹೊನ್ನಮ್ಮ ಕೆನ್ನೆ ತಟ್ಟುತ್ತಲೇ ಇದ್ದರು.

“ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ತಾಯಿ?”

“ನೀನು ಹೇಳಿದ್ಯಾ?”

ಇಬ್ಬರ ನಡುವೆ ಮಗು ಮಲಗಿತ್ತು. ನಾನು ಅದನ್ನು ಎತ್ತಿಕೊಂಡೆ. ನಿದ್ದೆಹೋದ ಮಗು ಭಾರವಾಗಿರುತ್ತದೆ ಎಂಬುದು ಗೊತ್ತಿತ್ತು. ಆದರೆ ನೀಲು ಹಗುರವಾಗಿದ್ದಳು, ಒಳಗಿನದೇನೋ ಆಗಲೇ ಹೊರಟುಹೋದ ಹಾಗೆ. ಅವಳ ಎದೆ ಮಾತ್ರ ನನ್ನ ಕುತ್ತಿಗೆಯ ಬಳಿ ಹಕ್ಕಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು.

ಡಾಕ್ಟರ ಮನೆ ಅದೇ ಬೀದಿಯ ತುದಿಯಲ್ಲಿತ್ತು. ಊಟ ಮಾಡುತ್ತಿದ್ದವರು ಎಂಜಲು ಕೈಯಲ್ಲೇ ಎದ್ದುಬಂದು, ಕೈ ತೊಳೆದು, ಮಗುವಿನ ರೆಪ್ಪೆ ಬಿಡಿಸಿ ನೋಡಿದರು. ಮಣಿಕಟ್ಟು ಹಿಡಿದರು.

“ಏನು ಕೊಟ್ಟಿದೀರಿ?”

“ಜಾಯಿಕಾಯಿ,” ಎಂದೆ ನಾನು.

“ಯಾರು ಕೊಟ್ಟದ್ದು? ಎಷ್ಟು? ಎಷ್ಟು ದಿನದಿಂದ? ಮಗು ದಿನಕ್ಕೆ ಎಷ್ಟು ಹೊತ್ತು ಮಲಗ್ತಿತ್ತು?”

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರು, ಗೋಡೆಗೆ ಒರಗಿ ನಿಂತಿದ್ದರು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಮೌನದಲ್ಲಿ ಸತ್ಯವಿದೆ ಎಂದು ನಂಬಿದ್ದವಳಿಗೆ ಆಗ ಮೊದಲ ಸಲ ಅದರ ಮುಖ ಕಾಣಿಸಿತು. ಅದಕ್ಕೆ ಮುಖವೇ ಇರಲಿಲ್ಲ.

“ಕೇಳ್ತಾ ಇರೋದು ನಿಮ್ಮನ್ನೇ,” ಎಂದರು ಡಾಕ್ಟರು ಗದರಿಸಿ. “ಮಗು ಮಲಗ್ತಿತ್ತಾ ಇಲ್ಲವಾ?”

ಪಂಕಜಮ್ಮನ ಬಾಯಿ ತಾನಾಗಿ ತೆರೆಯಿತು. “ಎಲ್ಲಿ ಸ್ವಾಮಿ, ಒಂದಿಷ್ಟು ಕಣ್ಣು ಮುಚ್ಚಿದ ಹಾಗೆ…” ಎಂದವರು, ತಮ್ಮ ಮಾತು ತಮಗೇ ಕೇಳಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹೊನ್ನಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಮೇಜಿನ ಮೇಲಿದ್ದ ಮೊಮ್ಮಗಳ ಪಾದವನ್ನು ಒಂದು ಕೈಯಲ್ಲಿ ಹಿಡಿದುಕೊಂಡರು.

“ಮಲಗ್ತಾಳೆ,” ಎಂದರು. ಮೊದಲ ಸಲ ಅದು ಬರಿಯ ಗಾಳಿಯಾಗಿ ಬಂತು. ಆಮೇಲೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. “ಚೆನ್ನಾಗಿ ಮಲಗ್ತಾಳೆ ಡಾಕ್ಟರೇ. ನನ್ನ ಮೊಮ್ಮಗಳು ಹಗಲೂ ಮಲಗ್ತಾಳೆ, ರಾತ್ರೀನೂ ಮಲಗ್ತಾಳೆ. ಎಬ್ಬಿಸೋವರೆಗೂ ಏಳಲ್ಲ. ರಾತ್ರಿ ನಾನು ಮಲಗಿಸ್ತೀನಿ, ಹಗಲು ಅವಳು ಮಲಗಿಸ್ತಾಳೆ. ಇವತ್ತು ಬೆಳಿಗ್ಗೆ ನಾನು ಅರ್ಧ ಕಾಯಿ ತೇಯ್ದು ಕೊಟ್ಟೀನಿ. ಪಂಕಜಮ್ಮ, ನಿಂದು ಹೇಳು.”

ಪಂಕಜಮ್ಮ ತಮ್ಮದನ್ನು ಹೇಳಿದರು. ಒಂದನ್ನೂ ಬಿಡಲಿಲ್ಲ.

ಡಾಕ್ಟರು ಕೆಲಸಕ್ಕಿಳಿದರು. ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಸೂಜಿ, ಒದ್ದೆ ಬಟ್ಟೆ, “ಮಾತಾಡಿಸ್ತಾ ಇರಿ, ಸುಮ್ಮನಿರಬೇಡಿ” ಎಂಬ ಅವರ ದನಿ. ಅಕ್ಕ ಕಚೇರಿಯಿಂದ ಓಡಿಬಂದು ಮಗಳ ಮುಖಕ್ಕೆ ಮುಖವಿಟ್ಟದ್ದು. ಭಾವ ಖಾಕಿಯಲ್ಲೇ ಬಾಗಿಲಲ್ಲಿ ನಿಂತು, ತಾಯಿಯನ್ನು ಬಯ್ಯಲೂ ಆಗದೆ, ಮುಟ್ಟಲೂ ಆಗದೆ, ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದದ್ದು. ಹೊನ್ನಮ್ಮ ಮಾತ್ರ ಮೊಮ್ಮಗಳ ಪಾದ ಬಿಡಲಿಲ್ಲ. ಹೇಳಬಾರದ್ದನ್ನು ಹೇಳಿದ ತಮ್ಮ ಬಾಯಿಯಿಂದ ಈಗ ಏನು ಬರುತ್ತದೋ ಎಂದು ಕಾಯುತ್ತಿದ್ದವರ ಹಾಗೆ ಅವರು ಬಾಗಿಲ ಕಡೆಗೇ ನೋಡುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ನೀಲು ಕೆಮ್ಮಿದಳು. ಕಣ್ಣು ಬಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿ, ಯಾರ ಗುರುತೂ ಸಿಗದವಳಂತೆ ಅತ್ತು, ನೀರು ಕೇಳಿದಳು. ಮಾರನೆಯ ದಿನವೆಲ್ಲ ಅವಳನ್ನು ಅಲ್ಲೇ ಇಟ್ಟುಕೊಂಡರು. “ತಿಂಡಿಗೆ ಹಾಕೋ ಸಾಮಾನು, ಏನಾಗುತ್ತೆ ಅಂತ ತಾನೆ ಅಂದುಕೊಂಡಿದ್ದು?” ಎಂದರು ಡಾಕ್ಟರು ಕಳಿಸುವಾಗ. “ಇನ್ನೊಂದು ಸಲ ಕೊಟ್ಟಿದ್ದರೆ ನನ್ನ ಕೈಯಲ್ಲಿ ಏನೂ ಇರ್ತಿರಲಿಲ್ಲ.”

ಪಂಕಜಮ್ಮ ಆ ವಾರವೇ ಪರದೆಗಳನ್ನು ಕಿತ್ತರು. ಮಧ್ಯಾಹ್ನದ ಹೊತ್ತು ಛತ್ರದ ಹಿಂದಿನಿಂದ ಅಳು, ಜಗಳ, ಕೇಕೆ ಬೀದಿಗೆಲ್ಲ ಕೇಳಿಸತೊಡಗಿತು. ಪಂಕಜಮ್ಮನ ಕೈಗುಣ ಹೋಯಿತು ಎಂದು ಜನ ಆಡಿಕೊಂಡರು. ಒಂದಿಬ್ಬರು ತಾಯಂದಿರು ಬಂದು, ಮೊದಲಿನ ಹಾಗೆ ಮಲಗಿಸಿ ಎಂದು ಗುಟ್ಟಾಗಿ ಕೇಳಿಕೊಂಡರಂತೆ. ನೀಲು ಮತ್ತೆ ಅಲ್ಲಿಗೆ ಹೋಗಲಿಲ್ಲ. ಹೊನ್ನಮ್ಮನವರೇ ಅವಳನ್ನು ನೋಡಿಕೊಂಡರು, ಕುಂಟುತ್ತ, ಗೋಡೆ ಹಿಡಿಯುತ್ತ. ಭಾವ ಡಿಪೋದಲ್ಲಿ ಕೇಳಿಕೊಂಡು ಮಧ್ಯಾಹ್ನದ ಬಸ್ಸಿಗೆ ಬದಲಾಯಿಸಿಕೊಂಡರು.

ಆ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಗುವಿಗೆ ಮಲಗು ಎಂದು ಹೇಳಲಿಲ್ಲ. ಅವಳು ಒರಗಿದರೆ ಸಾಕು, ಯಾರಾದರೊಬ್ಬರು ಎದ್ದುಹೋಗಿ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಿದ್ದರು. ಅಕ್ಕ ಹೋಗಿಬಂದರೆ ಹೊನ್ನಮ್ಮ, ಹೊನ್ನಮ್ಮ ಬಂದರೆ ಭಾವ, ಆಮೇಲೆ ನಾನು. ಎಷ್ಟೋ ಸಲ ಆ ಬೆರಳಿನ ಸ್ಪರ್ಶಕ್ಕೇ ನೀಲು ಎಚ್ಚರಗೊಂಡು, ಕತ್ತಲಲ್ಲಿ ತನ್ನ ಮೇಲೆ ಬಾಗಿದ ಮುಖವನ್ನು ಕದಲದೆ ನೋಡುತ್ತಿದ್ದಳು.

ನಾನು ಊರು ಬಿಡುವ ಹಿಂದಿನ ದಿನ ಎಲ್ಲರೂ ಬೇಗ ಉಂಡು ನಡುಮನೆಯಲ್ಲೇ ಹಾಸಿಗೆ ಹಾಸಿದ್ದೆವು. ಭಾವ ಮಲಗಿದರು. ಅಕ್ಕ ಮಲಗಿದಳು. ಹೊನ್ನಮ್ಮನವರು ಕೂತಲ್ಲೇ ಗೋಡೆಗೆ ಒರಗಿ ನಿದ್ದೆಹೋದರು. ನಾನು ದೀಪ ಸಣ್ಣದು ಮಾಡಿ ಕಣ್ಣು ಮುಚ್ಚಿದ್ದೆ. ಪುಟ್ಟ ಪಾದಗಳ ಸದ್ದು ಕೇಳಿ ರೆಪ್ಪೆಯ ಸಂದಿನಿಂದ ನೋಡಿದರೆ, ನೀಲು ಎದ್ದಿದ್ದಳು. ಭಾವನ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತು, ಅವರ ಮೂಗಿನ ಕೆಳಗೆ ತನ್ನ ಬೆರಳು ಹಿಡಿದು, ಕಾದಳು. ಅಲ್ಲಿಂದ ಅಕ್ಕನ ಬಳಿಗೆ ಹೋದಳು. ಅಲ್ಲಿಂದ ಅಜ್ಜಿಯ ಬಳಿಗೆ. ಅಲ್ಲಿ ತುಂಬ ಹೊತ್ತು ಕಾದಳು.

ಆಮೇಲೆ ನನ್ನ ಕಡೆ ಬಂದಳು. ನಾನು ಬೇಗನೆ ಕಣ್ಣು ಮುಚ್ಚಿಕೊಂಡೆ. ಬೆರಳು ಬಂದು ನನ್ನ ಮೂಗಿನ ಕೆಳಗೆ ನಿಂತಿತು. ನಾನು ಉಸಿರು ಹಿಡಿದಿದ್ದೇನೆ ಎಂಬುದು ಆಗ ಗೊತ್ತಾಗಿ, ಮೆಲ್ಲಗೆ ಬಿಟ್ಟೆ. ಬೆರಳು ಸರಿಯಲಿಲ್ಲ. ಅವಳು ಇನ್ನೊಂದು ಉಸಿರಿಗಾಗಿ ಕಾಯುತ್ತಿದ್ದಳು.